ತಾಯಿ ನೀಲಿ ಹೊದಿಕೆ ಒಗೆಯುವ ದೃಶ್ಯ

ಬರ್ಬ್ಯಾಂಕ್

ಪ್ರೀತಿಯ ಸಿರಾನುಶ್ ಅವರಿಗೆ,

ಒಂದು ಮಾತನ್ನು ಬರೆಯದೇ ಬಿಡೋಣ ಎಂದುಕೊಂಡಿದ್ದೆ. ಆದರೆ ಅದನ್ನು ಬಿಟ್ಟರೆ ಮುಂದಿನದನ್ನೂ ನೀವು ನಂಬುವುದಿಲ್ಲ. ಸೂಪರ್‌ಹೀರೋ ಸಿನಿಮಾ ‘ಕಂಚಿನ ಗಿಡುಗ’ದ ಎರಡನೆಯ ಭಾಗ ಅದರ ಮೊದಲ ನಿರ್ದೇಶಕ ವಾಲ್ಡನ್ ಪ್ರೂಯಿಟ್ ಬಯಸಿದ ರೂಪದಲ್ಲಿ, ನೀವು ಸಂಕಲನ ಮಾಡಿ ಬಿಡುಗಡೆಯಾದ ಸಿನಿಮಾಕ್ಕಿಂತ ಚೆನ್ನಾಗಿದೆ.

ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡಿ.

ಚಿತ್ರೀಕರಣದ ನಡುವೆ ಸ್ಟುಡಿಯೋದವರು ಪ್ರೂಯಿಟ್ ಅವರನ್ನು ಹೊರಗೆ ಹಾಕಿ, ಹಾಸ್ಯ ತುಂಬಬಲ್ಲ ಇನ್ನೊಬ್ಬರನ್ನು ಕರೆತಂದು, ಇಬ್ಬರ ರೀಲುಗಳನ್ನೂ ನಿಮ್ಮ ಮೇಜಿನ ಮೇಲೆ ಸುರಿದು, ಬೇಸಿಗೆಯೊಳಗೆ ಸಿನಿಮಾ ಮಾಡಿಕೊಡಿ ಎಂದಿದ್ದರು. ನೀವು ಮಾಡಿಕೊಟ್ಟಿರಿ. ಅಲ್ಲಿಂದ ನಲವತ್ತು ವರ್ಷ ಅಭಿಮಾನಿಗಳು ನಿಮ್ಮನ್ನು ‘ಕತ್ತರಿಯವಳು’ ಎಂದು ಬೈದರು. ಗ್ಲೆಂಡೇಲ್‌ನ ಬೇಕರಿಯಲ್ಲಿ ಬಿಸಿ ಲವಾಶ್ ರೊಟ್ಟಿ ಕಟ್ಟಿಸಿಕೊಳ್ಳುತ್ತಾ ನಿಮ್ಮ ಅರ್ಮೇನಿಯನ್ ಮುದ್ದಿನ ‘ಜಾನ್’ ಸೇರಿಸಿ ನೀವು ನನಗೆ ಹೇಳಿದ್ದು ನೆನಪಿದೆ: “ಬೈಲಿ ಬಿಡು ತಾರಿಣಿ ಜಾನ್. ಬೈಯೋಕೆ ಅಂತಾನಾದ್ರೂ ಎರಡು ಸಲ ಟಿಕೆಟ್ ತಗೊಂಡಿರ್ತಾರಲ್ಲ.”

ಈಗ ಪ್ರೂಯಿಟ್ ಅವರ ಬಳಸದೇ ಉಳಿದ ರೀಲುಗಳು ಸಿಕ್ಕಿ, ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಅವರು ಹಾಕಿದ ಷರತ್ತು ಒಂದೇ. ತಾನು ತೆಗೆಯದ ಒಂದು ಚೌಕಟ್ಟೂ ಇದರಲ್ಲಿ ಇರಕೂಡದು. ಅಂದರೆ ಆ ಇನ್ನೊಬ್ಬರು ತೆಗೆದು ನೀವು ಜೋಡಿಸಿದ ಅಡುಗೆಮನೆಯ ದೃಶ್ಯವೂ ಹೋಗಬೇಕು. ಅದರ ಜೊತೆಗೆ ನಿಮ್ಮ ಹೆಸರೂ.

ಅವರ ಸಿನಿಮಾದಲ್ಲಿ ಖಳನಾಯಕನಿಗೆ ಒಂದು ದುಃಖವಿದೆ. ಊರು ಕುಸಿಯುವಾಗ ಯಾರೂ ನಗೆಮಾತು ಹೇಳುವುದಿಲ್ಲ. ಜೋಡಿಸುತ್ತಾ ಜೋಡಿಸುತ್ತಾ ನನಗೇ ಖುಷಿಯಾಯಿತು. ಆ ಖುಷಿ ನಿಮಗೆ ಮಾಡುವ ದ್ರೋಹವೇ ಎಂದೂ ಕೇಳಿಕೊಂಡೆ. ಸ್ಟುಡಿಯೋದ ಪುಟ್ಟ ಚಿತ್ರಮಂದಿರದಲ್ಲಿ ಜನರನ್ನು ಕೂರಿಸಿ ತೋರಿಸಿದ ದಿನ, ನೀವು ಕಲಿಸಿದಂತೆ ಹಿಂದಿನ ಸಾಲಿನಲ್ಲಿ ಕುಳಿತೆ. “ಪರದೆ ನೋಡ್ಬೇಡ, ತಲೆಗಳನ್ನ ನೋಡು. ಬಾಯಿ ಆಮೇಲೆ ಸುಳ್ಳು ಹೇಳುತ್ತೆ, ಕತ್ತು ಹೇಳಲ್ಲ.” ತಲೆಗಳು ಕದಲಲಿಲ್ಲ. ಆದರೆ ಕೊನೆಯಲ್ಲಿ, ಗಿಡುಗ ಸಾವಿನತ್ತ ಹಾರುವಾಗ, ಒಬ್ಬ ಕತ್ತು ಉಜ್ಜಿಕೊಂಡ, ಇನ್ನೊಬ್ಬಳು ಚೀಲ ತಡಕಿದಳು. ಅವನು ಏನನ್ನು ಬಿಟ್ಟು ಹೋಗುತ್ತಿದ್ದಾನೆಂದು ಅವರಿಗೆ ತಿಳಿದಿರಲಿಲ್ಲ.

ತಿಳಿಸುವುದು ನಿಮ್ಮ ಅಡುಗೆಮನೆ. ಗಿಡುಗನ ತಾಯಿ, ಅವನು ಹಾರುವಾಗ ಬೆನ್ನಿಗೆ ತೊಡುವ ಆ ನೀಲಿ ಹೊದಿಕೆಯನ್ನು ಸಿಂಕಿನಲ್ಲಿ ಒಗೆಯುತ್ತಾಳೆ, ಮಗ ಬಾಗಿಲಲ್ಲಿ ನಿಂತಿರುತ್ತಾನೆ. ಅವಳು ಬೈಯುತ್ತಾಳೆಂದು ನಾವು ಕಾಯುತ್ತೇವೆ. ನೀವು ಅವಳ ಮುಖ ತೋರಿಸುವುದೇ ಇಲ್ಲ. ಹಿಂಡುವ ಕೈಗಳು, ನೀರಿನ ಸದ್ದು, ಅಷ್ಟೇ.

ಅದನ್ನು ಸೇರಿಸೋಣ ಎಂದಾಗ ಪ್ರೂಯಿಟ್ ಊರುಗೋಲು ನೆಲಕ್ಕೆ ಕುಟ್ಟಿದರು. “ಬೇರೆಯವರ ಪಾತ್ರೆಪಡಗ ನನ್ನ ಮನೇಲಿ ಯಾಕಮ್ಮಾ?”

“ನಿಮ್ಮ ಮನೇಲಿ ಒಲೆ ಇಲ್ಲ ಸರ್, ಅದಕ್ಕೆ. ಆ ದೃಶ್ಯ ಹೋಗೋದಾದ್ರೆ ನನ್ನ ಹೆಸರನ್ನೂ ತೆಗೆದುಬಿಡಿ.”

ಹೇಳಿಬಿಟ್ಟ ಮೇಲೆ ನನ್ನನ್ನೇ ಕೇಳಿಕೊಂಡೆ: ಇದು ನ್ಯಾಯವೋ, ನಿಮ್ಮ ಮೇಲಿನ ಮಮತೆಯೋ? ನನಗೂ ಖಚಿತವಿರಲಿಲ್ಲ. ಹಾಗಾಗಿ ಇನ್ನೊಂದು ಪ್ರದರ್ಶನ ಮಾತ್ರ ಕೇಳಿದೆ, ಆ ದೃಶ್ಯ ಸೇರಿಸಿ, ಹೊಸ ಜನರ ಮುಂದೆ. ಪ್ರೂಯಿಟ್ ಅವರನ್ನು ಹಿಂದಿನ ಸಾಲಿಗೆ ಕರೆದೊಯ್ದು, ಪರದೆ ನೋಡಬಾರದು ಎಂದು ಪಕ್ಕದಲ್ಲೇ ಕೂರಿಸಿಕೊಂಡೆ. ಗೊಣಗುತ್ತಲೇ ಕುಳಿತರು.

ಈ ಸಲ ಗಿಡುಗ ಹಾರುವಾಗ ಒಂದು ತಲೆಯೂ ಅಲುಗಲಿಲ್ಲ. ಅಲುಗಿದ್ದು ನನ್ನ ಪಕ್ಕದ ಕುರ್ಚಿ. ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು.

“ಆ ಅಡುಗೆಮನೆ ಜೋಡಿಸಿದ್ದು ಆ ಅರ್ಮೇನಿಯನ್ ಹೆಂಗಸೇನಾ?”

“ಅವರೇ ಸರ್.”

“ನಲವತ್ತು ವರ್ಷದಿಂದ ಬೈತಿದೀನಿ ಅವಳನ್ನ.” ಊರುಗೋಲು ಊರಿ ಎದ್ದು, “ಹೆಸರು ಹಾಕು. ಆದ್ರೆ ಹೇಳ್ಬಿಡು ಅವಳಿಗೆ, ಕೊನೇಲಿ ಆ ದೃಶ್ಯಾನ ಒಂದು ಉಸಿರಿನಷ್ಟು ಹೊತ್ತು ಜಾಸ್ತಿ ಬಿಟ್ಟಿದಾಳೆ” ಎಂದರು.

ಹೇಳಿದ್ದೇನೆ. ಆ ಉಸಿರನ್ನು ನಾನು ಕತ್ತರಿಸಿಲ್ಲ.

ಈಗ ‘ಸಂಕಲನ’ ಎಂಬಲ್ಲಿ ಸಿರಾನುಶ್ ಕೆವೋರ್ಕಿಯನ್ ಮೊದಲು, ನಾನು ಆಮೇಲೆ. ಇಷ್ಟು ವರ್ಷಗಳಲ್ಲಿ ನನ್ನ ಹೆಸರು ಎಷ್ಟೋ ಪರದೆಗಳ ಮೇಲೆ ಬಂದಿದೆ. ಎರಡನೆಯದಾಗಿ ಬಂದಾಗ ಇಷ್ಟು ಎದೆಯುಬ್ಬಿದ್ದು ಇದೇ ಮೊದಲು.

ನಾನು ಬರೆಯುತ್ತಿರುವ ಈ ಹೊತ್ತಿಗೆ ಇದ್ಯಾವುದೂ ನಿಮಗಿನ್ನೂ ಗೊತ್ತಿಲ್ಲ. ಫ್ರೆಸ್ನೋದಿಂದ ನಿಮ್ಮನ್ನು ಕರೆತರಲು ನಿಮ್ಮ ತಂಗಿಗೆ ಹೇಳಿದ್ದೇನೆ. ಶನಿವಾರದ ಮೊದಲ ಪ್ರದರ್ಶನಕ್ಕೆ ಹಿಂದಿನ ಸಾಲಿನಲ್ಲಿ ನಿಮಗೊಂದು ಕುರ್ಚಿ ಇದೆ. ಮೊದಲು ತಲೆಗಳನ್ನು ನೀವೇ ನೋಡಬೇಕು. ನನ್ನ ಮಾತು ಆಮೇಲೆ; ಅದಕ್ಕೇ ಈ ಪತ್ರ ಪ್ರದರ್ಶನ ಮುಗಿದ ಮೇಲೆ, ಸೋಮವಾರ ಅಂಚೆಗೆ ಹೋಗುತ್ತದೆ. ಆ ತಲೆಗಳು ಬೇರೆ ಹೇಳಿದರೆ ಇದನ್ನು ಹರಿದುಹಾಕುತ್ತೇನೆ. ಹೇಳುವುದಿಲ್ಲ ಎಂದು ಗೊತ್ತು.

ನೀವೇ ನನಗೆ ಹೇಳುತ್ತಿದ್ದ ಅರ್ಮೇನಿಯನ್ ಹಾರೈಕೆ ನಿಮಗೆ: ನಿಮ್ಮ ನೋವು ನನಗಿರಲಿ.

ನಿಮ್ಮ ಕೈಕೆಳಗೆ ಕಲಿತ
ತಾರಿಣಿ

ಅಂಚೆಗೆ ಹಾಕುವುದು: ಸೋಮವಾರ, ಮೇ ೧೮