ನನ್ನ ಜಡೆಗೆ ಹಾಕಿದ ಮೂರು ಹಿಡಿ ಮಣ್ಣು

ಅಬ್ಬಾ, ಸಲಾಮು ಆಮೇಲೆ. ಮೊದಲು ಜಗಳ.

ನಿಮ್ಮನ್ನು ಮಣ್ಣು ಮಾಡಿ ಬಂದ ದಿನ ಮೊಳಕಾಲ್ಮೂರಿನ ಚಾಚಾ ನನ್ನ ಪಕ್ಕ ಬಂದು ಕೂತರು. "ಅಳಬ್ಯಾಡಮ್ಮ. ನಿನ್ ಜಡೆ ಹೂತಿದ್ವಲ್ಲ, ಅದರ ಪಕ್ಕದಾಗೇ ಅಣ್ಣನ್ನ ಮಲಗಿಸೀವಿ" ಎಂದರು. ನನ್ನ ಅಳು ಅಲ್ಲಿಗೇ ನಿಂತಿತು. ಹೂತಿದ್ದಿರಾ?

ಶಾಲೆ ಬಿಟ್ಟು ಚಳ್ಳಕೆರೆಯ ಶೇಂಗಾ ಮಿಲ್ಲಿಗೆ ಸೇರಿದ್ದು ನನ್ನದೇ ಹಟ. "ಜಡೆ ಒಳಗೆ ಸಿಗಿಸ್ಕಳೇ, ಬೆಲ್ಟು ನೀನ್ಯಾರ ಮಗಳು ಅಂತ ಕೇಳಲ್ಲ" ಎಂದು ಜೊತೆ ಕೆಲಸದ ತಿಪ್ಪಕ್ಕ ದಿನಾ ಬೈಯುತ್ತಿದ್ದಳು. ನಾನು ಕೇಳಲಿಲ್ಲ. ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಮಿಷಿನ್ನಿನ ಬೆಲ್ಟು ಜಡೆ ಹಿಡಿದು ಹುಬ್ಬಿನಿಂದ ಹೆಡಕಿನವರೆಗೆ ಜಡೆ ಸಮೇತ ತಲೆಯ ಚರ್ಮವನ್ನೇ ಕಿತ್ತಿತು. ಅಮ್ಮಿ ನನ್ನನ್ನು ಆಸ್ಪತ್ರೆಗೆ ಒಯ್ದಳು. ನೀವು ಮಾತ್ರ ಹಿಂದೆ ಉಳಿದಿರಿ. ಯಾಕೆಂದು ಈಗ ಗೊತ್ತಾಗಿದೆ. ಮೈಯಿಂದ ಬೇರೆಯಾದದ್ದನ್ನು ಬಿಸಾಡಬಾರದು, ಮಣ್ಣಿಗೆ ಕೊಡಬೇಕು. ಬಿಳಿ ಬಟ್ಟೆಯಲ್ಲಿ ಸುತ್ತಿ, ಖಬರಸ್ತಾನದಲ್ಲಿ ಮೂರು ಹಿಡಿ ಮಣ್ಣು ಹಾಕಿದಿರಂತೆ. ಸರಿ, ಅದನ್ನು ಮತ್ತೆ ಜೋಡಿಸಬಹುದೆಂದು ನಿಮಗೆ ಗೊತ್ತಿರಲಿಲ್ಲ.

ಆದರೆ ನೀವು ಆಸ್ಪತ್ರೆಗೆ ಬಂದಾಗ ಡಾಕ್ಟರ್ ಕೇಳಿದರಲ್ಲ? "ಕಿತ್ತ ಚರ್ಮ ಎಲ್ಲೈತೆ? ಈಗ್ಲೂ ತಂದ್ರೆ ಜೋಡಿಸಿ ನೋಡಬಹುದು." ಅರೆ ಎಚ್ಚರದಲ್ಲಿದ್ದ ನನಗೂ ನಿಮ್ಮ ಉತ್ತರ ಕೇಳಿಸಿತು: "ಸಿಗ್ಲಿಲ್ಲ ಸಾರ್. ಮಿಷಿನ್‌ನಾಗೆ ಪುಡಿಯಾತು." ಯಾಕಬ್ಬಾ? ನಾಚಿಕೆಯಾ? ಹೂತದ್ದನ್ನು ತೆಗೆಯುವುದು ಪಾಪ ಅಂತಲಾ? ಮಣ್ಣಾದದ್ದು ಕೂಡುತ್ತಿತ್ತೋ ಇಲ್ಲವೋ. ಕೇಳಬಹುದಿತ್ತು. ಒಂದು ಮಾತು...

ಆಮೇಲೆ ಬುರುಡೆಯ ಮೂಳೆಗೆ ಸಣ್ಣ ತೂತು ಕೊರೆದರು. ಅದರೊಳಗಿಂದ ಕೆಂಪು ಮಾಂಸ ಚಿಗುರಲು ವಾರಗಟ್ಟಲೆ ಕಾದರು. ನನ್ನ ತೊಡೆಯ ಚರ್ಮ ಹೆರೆದು ತಲೆಗೆ ಹೊದಿಸಿದರು. "ನಂದು ತಗೊಳ್ರಿ" ಎಂದು ನೀವು ಲುಂಗಿ ಎತ್ತಿ ನಿಂತಿರಿ. "ನಿಮ್ದು ಅವಳ ಮೈ ಹಿಡಿಯಲ್ರೀ" ಎಂದು ನರ್ಸಮ್ಮ ನಿಮ್ಮನ್ನು ಹೊರಗೆ ಕಳಿಸಿದಳು. ಅಂದು ನಿಮ್ಮ ಮೇಲೆ ಎಷ್ಟು ಪ್ರೀತಿ ಬಂದಿತ್ತು ಗೊತ್ತೇ? ಅದೇ ಈಗ ಹೆಚ್ಚು ಸಿಟ್ಟು ತರಿಸುತ್ತದೆ. ಈ ತಲೆಯ ಮೇಲೆ ಇನ್ನೊಂದು ಕೂದಲು ಹುಟ್ಟುವುದಿಲ್ಲ. ಬಿಸಿಲು ತಾಗಿದರೆ ಉರಿಯುತ್ತದೆ. ಐದು ವರ್ಷ ನೀವೇ ಅದಕ್ಕೆ ಕೊಬ್ಬರಿ ಎಣ್ಣೆ ಸವರಿದಿರಿ, ಬಾಯಿ ಮಾತ್ರ ಬಿಡಲಿಲ್ಲ.

ಕಳೆದ ತಿಂಗಳು, ನಾನು ಮತ್ತೆ ಕೆಲಸಕ್ಕೆ ಹೋಗುತ್ತಿರುವ ಅದೇ ಮಿಲ್ಲಿನಲ್ಲಿ ತಿಪ್ಪಕ್ಕನ ಬೆರಳು ತುಂಡಾಯಿತು. "ಬೇವಿನ ಗಿಡದ ಬುಡಕ್ಕೆ ಹೂಳಾನ" ಎಂದು ಮೇಸ್ತ್ರಿ ಗುದ್ದಲಿ ಹುಡುಕತೊಡಗಿದ. "ಮುಟ್ಟಿದ್ರೆ ನಿನ್ನೇ ಹೂಳ್ತೀನಿ!" ಎಂದು ಅವನ ಕೈಯಿಂದ ಬೆರಳು ಕಿತ್ತುಕೊಂಡೆ. ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಕವರಿಗೆ ಹಾಕಿ, ಆ ಕವರನ್ನು ಸೋಡಾ ಅಂಗಡಿಯ ಐಸಿನ ಮೇಲಿಟ್ಟುಕೊಂಡು ಅವಳ ಜೊತೆ ಆಸ್ಪತ್ರೆಗೆ ಓಡಿದೆ. ನಿನ್ನೆ ತಿಪ್ಪಕ್ಕ ಕೂಡಿಕೊಂಡ ಆ ಬೆರಳು ತೋರಿಸಿಯೇ ನನ್ನನ್ನು ಬೈದಳು.

ನಿಮ್ಮನ್ನು ಇನ್ನೂ ಮನ್ನಿಸಿಲ್ಲ, ಅಬ್ಬಾ. ಸುಳ್ಳು ಯಾಕೆ ಹೇಳಲಿ? ಆದರೆ ತಿಪ್ಪಕ್ಕನ ಜೊತೆ ಹೋದ ಆ ದಿನ ಡಾಕ್ಟರ್ ಮತ್ತೆ ಅದೇ ಪ್ರಶ್ನೆ ಕೇಳಿದರು, ತುಂಡಾದದ್ದು ಎಲ್ಲಿ ಅಂತ.

"ಇಲ್ಲೈತೆ ಸಾರ್" ಎಂದೆ.