ಮೇನ್ ಸ್ವಿಚ್ಚಿನ ಬೀಗ

ಪದ್ಮನಾಭನಗರ
ಭಾನುವಾರ

ಪ್ರೀತಿಯ ಕಾತ್ಯಾಯಿನಿ ಆಂಟಿ,

ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ನೀವು ಹಾಕಿರುವ ಬೀಗವನ್ನು ದಯವಿಟ್ಟು ತೆಗೆದುಬಿಡಿ. ಸೇತುರಾಮ್ ಅಂಕಲ್ ವಾಕಿಂಗ್ ಹೊರಡುವಾಗಲೆಲ್ಲ ಎರಡೂ ಮನೆಯ ಕರೆಂಟ್ ಆಫ್ ಮಾಡಿ, ಮಾಡಿದ್ದನ್ನೇ ಮರೆಯುತ್ತಾರೆಂದು ನಾನು ರೇಗಿದ್ದು ತಪ್ಪಾಯಿತು.

ನಾನು ಬರೆಯುತ್ತಿರುವುದು ಹೊಸ ಬಗೆಯ ಮೆಮೊರಿಗೆ ಒಂದು ಫೈಲ್ ಸಿಸ್ಟಮ್, ಅಂದರೆ ಕಂಪ್ಯೂಟರಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ. ಕರೆಂಟ್ ಹೋದರೂ ಅದರಲ್ಲಿ ಇಟ್ಟದ್ದು ಕೆಡಬಾರದು. ಪರೀಕ್ಷೆಗೆಂದು ಪ್ಲಗ್ ಕೀಳುವಾಗ, ನನಗೇ ಗೊತ್ತಿಲ್ಲದೆ, ಫೈಲ್ ಪೂರ್ತಿ ಸೇವ್ ಆಗುವವರೆಗೆ ಕಾಯುತ್ತಿದ್ದೆ. ಅಂಕಲ್ ಕಾಯಲಿಲ್ಲ. ನಾನು ರೇಗಿದ ದಿನ ಫೈಲುಗಳು ಅರ್ಧಂಬರ್ಧ ಉಳಿದದ್ದರಿಂದಲೇ ನನ್ನ ತಪ್ಪು ಸಿಕ್ಕಿತು. ಈಗ ತಿದ್ದಿದ್ದೇನೆ.

ಮೊನ್ನೆ ಅಂಕಲ್ ಮೆಟ್ಟಿಲ ಹತ್ತಿರ ಸಿಕ್ಕಾಗ, "ನಾನಿನ್ನು ಅದನ್ನ ಮುಟ್ಟಲ್ಲಮ್ಮ," ಅಂದರು. ನನಗೆ ಊಟ ಸೇರಲಿಲ್ಲ. ಮುಟ್ಟಲಿ ಆಂಟಿ, ನನಗೆ ಹೇಳದೆಯೇ ಮುಟ್ಟಲಿ.

ನಾಳೆ ನನ್ನ ಈ ಫೈಲ್ ಸಿಸ್ಟಮನ್ನು, ಕಂಪ್ಯೂಟರ್ ನಡೆಸುವ ಮೂಲ ಪ್ರೋಗ್ರಾಮಾದ ಕರ್ನೆಲ್ ನೋಡಿಕೊಳ್ಳುವ ಹಿರಿಯರ ಮುಂದಿಡುತ್ತೇನೆ. ಬರೆದವರ ಹೆಸರಿನ ಕೆಳಗೆ ಪರೀಕ್ಷಿಸಿದವರ ಹೆಸರನ್ನೂ ಹಾಕುವುದು ಅಲ್ಲಿನ ಪದ್ಧತಿ. ಅಂಕಲ್ ಹೆಸರು ಹಾಕಬಹುದೇ ಎಂದು ಅವರನ್ನು ಕೇಳಿ ತಿಳಿಸಿ. ಒಪ್ಪಿದ್ದನ್ನು ನಾಡಿದ್ದು ಅವರು ಮರೆತರೂ ಪರವಾಗಿಲ್ಲ, ಹೆಸರು ಅಲ್ಲೇ ಇರುತ್ತದೆ.

ನಿಮ್ಮ ಮಹಡಿ ಮನೆಯ
ಶರ್ವಾಣಿ