ಬಿಟ್ಟುಕೊಡಬೇಡಿ, ಅಂಬಿಕಾ ಮೇಡಂ

ಎರೆಕಲ್ಲು ಕೆಳಪೇಟೆ,
ಫೆಬ್ರವರಿ 30, 2187

ಡಾ. ಅಂಬಿಕಾ ಕಮ್ಮಾರ ಅವರಿಗೆ ನಮಸ್ಕಾರ.

ಮೇಲಿನ ದಿನಾಂಕವನ್ನು ಕೈತಪ್ಪೆಂದು ತಿಳಿಯಬೇಡಿ. ಮೇ ತಿಂಗಳಿಗೆ ಮೂವತ್ತೊಂದು ದಿನ ಇರುವುದನ್ನು ಜನ ಸಹಿಸಲಾರದೆ ಹೋದಾಗ, ಅಲ್ಲಿಂದ ಒಂದು ದಿನವನ್ನೂ ಮಾರ್ಚ್‌ನಿಂದ ಒಂದು ದಿನವನ್ನೂ ಕಿತ್ತು ಫೆಬ್ರವರಿಗೆ ಸೇರಿಸಿದರು. ಬಿಸಿಲು ಕಡಿಮೆಯಾಗಲಿಲ್ಲ, ಲೆಕ್ಕಕ್ಕಷ್ಟೇ ಸಮಾಧಾನ. ನನ್ನ ಮಾತಿನ ಧಾಟಿಯೂ ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ವಿಶ್ವವಿದ್ಯಾಲಯದ ಹಳೆಯ ಕಡತಗಳಿಂದ. ಹಾಗಾಗಿ ಪ್ರೀತಿಯ ಮಾತಾಡಲು ಹೊರಟರೂ ಸುತ್ತೋಲೆಯಂತೆ ಕೇಳಿಸೀತು. "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದು ಎಲ್ಲಾದರೂ ಬರೆದಿದ್ದರೆ ಮನ್ನಿಸಿ, ಅದನ್ನು ಅಕ್ಕರೆ ಎಂದೇ ಓದಿಕೊಳ್ಳಿ.

ನಾನು ಮೆಹಬೂಬಿ ನದಾಫ. ನಿಮ್ಮದೇ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಎರೆಕಲ್ಲು ಅಣೆಕಟ್ಟಿನ ಅಳತೆಗಾರ್ತಿಯ ಕೆಲಸವೂ ನನ್ನದೇ. ಈ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ, ಕಳೆದುಹೋದ ಕಾಲಕ್ಕೆ ಕಳಿಸುವ ಓಲೆ. ನೌಕರರಿಗೆ ಇಡೀ ಸೇವಾವಧಿಯಲ್ಲಿ ಒಂದೇ ಒಂದು ಸಿಗುತ್ತದೆ. ಹೆಚ್ಚಿನವರು ಮುತ್ತಜ್ಜನಿಗೆ ಬರೆದು ಇಂಥ ಕಡೆ ಸೈಟು ಕೊಳ್ಳಿರೆಂದು ಹೇಳಿ ಮುಗಿಸುತ್ತಾರೆ. ಅದರಿಂದ ಯಾರ ಪಾಲಿಗೂ ಸೈಟು ಬಂದದ್ದನ್ನು ನಾನು ನೋಡಿಲ್ಲ. ಓಲೆ ತಲುಪುವುದು ನಿಜ, ಆದರೆ ಅದನ್ನು ಓದಿದವರ ಮುಂದೆ ಬೇರೆಯೇ ಒಂದು ನಾಳೆ ತೆರೆದುಕೊಳ್ಳುತ್ತದೆ, ಬರೆದವರ ನಾಳೆ ಇದ್ದ ಹಾಗೇ ಇರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಅಂದರೆ ನೀವು ನನ್ನ ಮಾತು ಕೇಳಿದರೂ ನನಗೇನೂ ಆಗದು. ಆದರೂ ಬರೆಯುತ್ತಿದ್ದೇನೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರಲ್ಲ, ಅಣೆಕಟ್ಟಿನ ಕೆಳಗೆ ಕುಳಿತವರು ಈ ಗಾದೆಯನ್ನು ಸುಮ್ಮನೆ ಆಡುವುದಿಲ್ಲ.

ಲೆಕ್ಕ ಸರಿಯಾಗಿದ್ದರೆ ಇದು ನಿಮ್ಮ ಕೈಸೇರುವುದು 2026ರ ನವೆಂಬರ್ 11ರಂದು. ನಾಳೆ ಬೆಳಿಗ್ಗೆ ಹನ್ನೊಂದೂವರೆಗೆ ನಿಮ್ಮ ವಿಭಾಗದ ಮುಖ್ಯಸ್ಥರು ನಿಮ್ಮನ್ನು ತಮ್ಮ ಕೋಣೆಗೆ ಕರೆಯುತ್ತಾರೆ. ಚಹಾ ತರಿಸುತ್ತಾರೆ. ನಿಮ್ಮ ಕಡತವನ್ನೂ ಮುಂದೆ ನೀವೇ ಬರೆದದ್ದನ್ನೂ ಓದಿರುವ ನನಗೆ ಆ ಚಹಾದ ಬಗ್ಗೆ ಎಷ್ಟು ಭಯವೆಂದರೆ, ನಮ್ಮ ಮನೆಯಲ್ಲೂ ಅದನ್ನು ಕುಡಿಯುವುದು ಬಿಟ್ಟಿದ್ದೇನೆ.

ಆ ಕಡತದಲ್ಲಿರುವುದು ಇಷ್ಟು. ದಿಲ್ಲಿಯವರು ಒಂದು ಸಂಶೋಧನಾ ಅನುದಾನಕ್ಕೆ ಅರ್ಜಿ ಕರೆದಿದ್ದರು, ವಿಶ್ವವಿದ್ಯಾಲಯಕ್ಕೆ ಒಂದೇ ಅರ್ಜಿ ಎಂಬ ನಿಬಂಧನೆ ಇತ್ತು. ಯಾವುದನ್ನು ಕಳಿಸಬೇಕೆಂದು ಆರಿಸಲು ಕುಲಸಚಿವರು ಒಳ ಆಯ್ಕೆ ಸಮಿತಿ ಮಾಡಿದರು. ಒಂಬತ್ತು ಮಂದಿ ಪ್ರಸ್ತಾವನೆ ಕೊಟ್ಟರು. ನಿಮ್ಮದು ಆರು ಪುಟ. ಎರೆಕಲ್ಲು ಅಣೆಕಟ್ಟಿನ ಹೊಟ್ಟೆಯೊಳಗಿನ ಓಡಾಟದ ಸುರಂಗದಲ್ಲಿ, ಅಂದರೆ ಗ್ಯಾಲರಿಯಲ್ಲಿ, ಕಲ್ಲಿನ ಬ್ಲಾಕುಗಳು ಕೂಡುವ ಜಾಗಗಳಲ್ಲಿ, ನಲವತ್ತು ಹಿತ್ತಾಳೆಯ ಗುರುತುಮೊಳೆಗಳನ್ನು ಕೂರಿಸುವುದು. ಅವುಗಳ ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಅಳೆಯುವುದು, ಹೀಗೆ ಇಪ್ಪತ್ತು ವರ್ಷ. ಬೇರೇನೂ ಇಲ್ಲ. ಇದರಿಂದ ಈಗಲೇ ಏನು ಪ್ರಯೋಜನವೆಂದು ಸಮಿತಿಯ ಸದಸ್ಯರೊಬ್ಬರು ಅಂಚಿನಲ್ಲಿ ಕೇಳಿದ್ದಾರೆ. ಈಗಲ್ಲ, ಮುಂದೆ ಎಂದು ನೀವು ಪೆನ್ಸಿಲಿನಲ್ಲಿ ಉತ್ತರ ಬರೆದಿದ್ದೀರಿ. ನೂರಕ್ಕೆ ಎಂಬತ್ತೇಳು ಅಂಕ ಬಂದು ನಿಮ್ಮದೇ ಮೊದಲಾಯಿತು. ಪ್ರೊ. ಇನಾಮದಾರ ಅವರದು ನಾಲ್ಕನೆಯದು.

ಅದರ ಮುಂದಿನ ಹಾಳೆ ನಿಮ್ಮ ಕೈಬರಹದ ನಾಲ್ಕು ಸಾಲು. ವೈಯಕ್ತಿಕ ಕಾರಣಗಳಿಂದ ನನ್ನ ಪ್ರಸ್ತಾವನೆಯನ್ನು ಹಿಂಪಡೆಯುತ್ತಿದ್ದೇನೆ, ಹಿರಿಯರ ಅರ್ಜಿಯನ್ನು ಕಳಿಸಬೇಕಾಗಿ ವಿನಂತಿ. ಆ ವೈಯಕ್ತಿಕ ಕಾರಣ ಏನೆಂದು ಕಡತ ಹೇಳುವುದಿಲ್ಲ. ಇಪ್ಪತ್ತಾರು ವರ್ಷದ ಮೇಲೆ, ನಿಮ್ಮ ನಿವೃತ್ತಿಯ ಸ್ಮರಣ ಸಂಚಿಕೆಯಲ್ಲಿ, ನೀವೇ ಅದನ್ನು ತಮಾಷೆಯಾಗಿ ಬರೆಯಲಿದ್ದೀರಿ. ಮುಖ್ಯಸ್ಥರು ಹೇಳಿದ್ದು ಇಷ್ಟೇ: "ಅಂಬಿಕಾ, ನಿನಗ ಇನ್ನೂ ವಯಸ್ಸೈತಿ. ಇನಾಮದಾರ ಸರ್ ಮಾರ್ಚಿಗೆ ರಿಟೈರ್ ಆಗ್ತಾರ, ಅವರಿಗೆ ಇದ ಕಡೀ ಸಲ. ಮುಂದಿನ ಸಲ ನಿಂದ ಅಂತ ತಿಳ್ಕೊ." ಇನಾಮದಾರ ಸರ್ ನಿಮಗೆ ಪಾಠ ಹೇಳಿದವರು. ನಿಮ್ಮ ಮದುವೆಗೆ ಬಂದು ಅಕ್ಷತೆ ಹಾಕಿದವರು. ಬೇಡ ಅನ್ನುವುದು ಹೇಗೆ? ನೀವು ಅನ್ನಲಿಲ್ಲ. ಅವರ ಅರ್ಜಿ ದಿಲ್ಲಿಯಲ್ಲಿ ಮೊದಲ ಸುತ್ತಿಗೇ ಬಿದ್ದುಹೋಯಿತು. ಮುಂದಿನ ಸಲ ಆ ಅನುದಾನವನ್ನೇ ನಿಲ್ಲಿಸಿದರು. ನೀವು ಅಣೆಕಟ್ಟನ್ನು ಬಿಟ್ಟು ಕಾಂಕ್ರೀಟಿನ ಇಟ್ಟಿಗೆಗಳ ಮೇಲೆ ಕೆಲಸ ಮಾಡಿ ಒಳ್ಳೆಯ ಹೆಸರು ಮಾಡಿದಿರಿ.

ಈ ಕಥೆಯಲ್ಲಿ ಯಾರಾದರೂ ಕೆಟ್ಟವರಿದ್ದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಕೆಟ್ಟವರನ್ನು ಬೈದು ಹಗುರಾಗಬಹುದಿತ್ತು.

ಈಗ ನಮ್ಮ ಊರಿನ ವಿಷಯ. ನಿಮ್ಮ ಕಾಲದಲ್ಲಿ ಅಣೆಕಟ್ಟಿನ ಬುಡದಲ್ಲಿ ಒಂದು ತೋಟಗಾರಿಕೆ ಇಲಾಖೆಯ ನರ್ಸರಿ ಮಾತ್ರ ಇತ್ತಂತೆ. ಈಗ ಅಲ್ಲಿ ನಲವತ್ತು ಸಾವಿರ ಮಂದಿ ಇದ್ದೇವೆ, ಅದಕ್ಕೆ ಕೆಳಪೇಟೆ ಎಂದು ಹೆಸರು. ಹುಚ್ಚರೇ ಎಂದು ಕೇಳಬೇಡಿ. ಸುತ್ತ ನೂರು ಮೈಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಮೈಮೇಲೆ ಬಟ್ಟೆ ಇಟ್ಟುಕೊಂಡು ಕೂರಬಹುದಾದ ಜಾಗ ಇದೊಂದೇ. ಗೋಡೆಯ ಹಿಂದೆ ನೀರು, ಗೋಡೆಯಿಂದ ತಂಪು. ಆ ತಂಪಿಗೆ ನಾವು ತೇವಪಾಲು ಎನ್ನುತ್ತೇವೆ. ಗೋಡೆಗೆ ಎಷ್ಟು ಹತ್ತಿರವೋ ಅಷ್ಟು ತೇವಪಾಲು, ಅಷ್ಟು ಬಾಡಿಗೆ. ಮೊದಲ ಸಾಲಿನವರು ಮನೆಯ ಹಿಂಗೋಡೆಯನ್ನೇ ಕಟ್ಟಿಸದೆ ಅಣೆಕಟ್ಟಿನ ಕಲ್ಲಿಗೇ ಸೂರು ತಾಗಿಸಿಕೊಂಡಿದ್ದಾರೆ. ಜಿನುಗುವ ನೀರಿಗೆ ಮಡಕೆ ಇಟ್ಟು, ಅದರಲ್ಲಿ ಕೊತ್ತಂಬರಿ ಬೆಳೆಯುತ್ತಾರೆ. ನೆಂಟರು ಬಂದರೆ ಕಲ್ಲಿಗೆ ಬೆನ್ನು ಕೊಟ್ಟು ಕೂರಿಸುವುದೇ ದೊಡ್ಡ ಉಪಚಾರ. ಶಾಲೆಯೂ ಮೊದಲ ಸಾಲಿನಲ್ಲೇ ಇದೆ, ಮಕ್ಕಳಿಗೆ ತಂಪಿರಲೆಂದು. ನನ್ನ ಮಗಳು ಶಮಾ ಅಲ್ಲಿ ಮೂರನೆಯ ತರಗತಿ. ಅವಳ ಬೆಂಚಿನ ಹಿಂದಿರುವುದು ಹದಿನೇಳನೆಯ ಬ್ಲಾಕು.

ಹದಿನೇಳನೆಯ ಬ್ಲಾಕಿನಲ್ಲಿ ಬಿರುಕಿದೆ. ಹೊರಗಿನಿಂದ ಕಾಣದು, ಗ್ಯಾಲರಿಗೆ ಹೋದರೆ ಕಾಣುತ್ತದೆ. ಮೂರು ವರ್ಷದ ಹಿಂದೆ ಅದರ ಉದ್ದಕ್ಕೂ ನಾನು ಹನ್ನೆರಡು ಗಾಜಿನ ಪಟ್ಟಿ ಅಂಟಿಸಿದೆ. ಬಿರುಕು ಅಲುಗಾಡಿದರೆ ಗಾಜು ಒಡೆಯುತ್ತದೆ, ಇದು ನಿಮಗೂ ಗೊತ್ತಿರುವ ಹಳೆಯ ಉಪಾಯ. ಮೊದಲ ವರ್ಷ ಒಂದೂ ಒಡೆಯಲಿಲ್ಲ. ಹೋದ ವರ್ಷ ಎರಡು ಒಡೆದವು. ಈ ತಿಂಗಳು ಐದು. ಐದನೆಯದು ನಾನು ಲಾಟೀನು ಹಿಡಿದು ಎದುರಿಗೆ ನಿಂತಿರುವಾಗಲೇ ಒಡೆಯಿತು. ಸದ್ದು ದೊಡ್ಡದೇನಲ್ಲ, ಬಳೆ ಬಿರಿದಷ್ಟು. ಲಾಟೀನನ್ನು ಇನ್ನಷ್ಟು ಹತ್ತಿರ ಹಿಡಿದು ಉಳಿದ ಪಟ್ಟಿಗಳನ್ನು ಒಂದೊಂದಾಗಿ ಎಣಿಸಿದೆ.

ಮರುದಿನವೇ ಜಲಾಶಯ ಮಂಡಳಿಗೆ ಹೋಗಿ ಊರು ಖಾಲಿ ಮಾಡಿಸಿರೆಂದು ಕೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವುದು ಎಲ್ಲ ಅಣೆಕಟ್ಟಿನ ಸ್ವಭಾವ, ಈ ಬಿರುಕು ನೂರು ವರ್ಷದಿಂದಲೂ ಹೀಗೇ ತೆರೆದು ಮುಚ್ಚುತ್ತಿಲ್ಲವೆಂದು ಹೇಗೆ ಹೇಳುತ್ತೀ? ನನಗೂ ಗೊತ್ತಿಲ್ಲ, ಮೇಡಂ. ಗೋಡೆ ಉಸಿರಾಡುತ್ತಿದೆಯೋ ಬೀಳುತ್ತಿದೆಯೋ ಎಂದು ಹೇಳಲು ಅದು ಮೊದಲು ಹೇಗಿತ್ತೆಂದು ತಿಳಿಯಬೇಕು. ಯಾರೂ ಅಳೆದಿಲ್ಲ. ನಲವತ್ತು ವರ್ಷದ ಹಿಂದೊಬ್ಬ ಅಳತೆಗಾರ ಸುಮ್ಮಸುಮ್ಮನೆ ಹೆದರಿ, ಊರು ಖಾಲಿ ಮಾಡಿರೆಂದು ಸಾರುವ ಅಪಾಯದ ಗಂಟೆ ಬಾರಿಸಿದ್ದನಂತೆ. ಇರುವ ಒಂದೇ ರಸ್ತೆಯಲ್ಲಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಸತ್ತರು, ಗೋಡೆಗೆ ಏನೂ ಆಗಲಿಲ್ಲ. ಅಂದಿನಿಂದ ಆಧಾರವಿಲ್ಲದೆ ಗಂಟೆ ಮುಟ್ಟುವ ಹಾಗಿಲ್ಲ. ಆಧಾರ ಹುಡುಕುತ್ತಾ ಹಳೆಯ ಕಡತದ ಕೋಣೆಗೆ ಹೋದಾಗ ಸಿಕ್ಕಿದ್ದು ನಿಮ್ಮ ಆರು ಪುಟ. ಅದರ ಕೊನೆಯಲ್ಲಿ ಇಪ್ಪತ್ತು ವರ್ಷದ ಅಳತೆ ತುಂಬಲು ನೀವು ಗೆರೆ ಎಳೆದು ಇಟ್ಟಿದ್ದ ಕೋಷ್ಟಕ ಇತ್ತು. ತಿಂಗಳಿಗೊಂದರಂತೆ ಇನ್ನೂರ ನಲವತ್ತು ಮನೆ, ಎಲ್ಲವೂ ಖಾಲಿ. ಅದನ್ನು ನೋಡಿ ನಾನು ಅತ್ತೆ.

ಒಂದು ದಾರಿ ಉಳಿದಿತ್ತು. ಆಲಿಕೆ ಎಂಬ ಸಲಕರಣೆ ಇದೆ, ಕಲ್ಲಿನೊಳಗಿನ ಸದ್ದು ಕೇಳಿ ಒಂದೇ ಹಂಗಾಮಿನಲ್ಲಿ ಗೋಡೆಯ ಆಯುಸ್ಸು ಹೇಳಿಬಿಡುತ್ತದೆ. ಅದನ್ನು ತರಿಸುವ ಶಕ್ತಿ ಇರುವುದು ರಾಷ್ಟ್ರೀಯ ಅನುದಾನಕ್ಕೆ ಮಾತ್ರ. ನಿಮ್ಮ ಕಾಲದ ಅನುದಾನದಂತೆ ಇದಕ್ಕೂ ವಿಶ್ವವಿದ್ಯಾಲಯಕ್ಕೆ ಒಂದೇ ಅರ್ಜಿ, ಒಳ ಆಯ್ಕೆಯೂ ಹಾಗೆಯೇ ಇದೆ. ನಿಮ್ಮ ಕಾಲದಲ್ಲಿ ಮುಚ್ಚಿದ ಬಾಗಿಲ ಹಿಂದೆ ಚಹಾ ಕುಡಿದು ಮುಗಿಸುತ್ತಿದ್ದ ಮಾತು ನಮ್ಮಲ್ಲಿ ಶಾಸ್ತ್ರವೇ ಆಗಿದೆ. ಕೆಲಸಕ್ಕೆ ಸೇರಿದ ದಿನವೇ ಪ್ರತಿಯೊಬ್ಬರಿಗೂ ಒಂದು ಸರದಿಯ ವರ್ಷ ಬರೆದುಕೊಡುತ್ತಾರೆ. ನನ್ನದು 2203. ಸಮಿತಿ ಅಂಕ ಹಾಕುತ್ತದೆ, ಆದರೆ ಮೊದಲು ಬಂದವರು ಆ ವರ್ಷದ ಸರದಿಗಾರರ ಮನೆಗೆ ಹೋಗಿ ಎಲೆ ಅಡಿಕೆ, ಒಂದು ಬಟ್ಟಲು ಸಕ್ಕರೆ ಇಟ್ಟು ತಮ್ಮ ಜಾಗವನ್ನು ಬಿಟ್ಟುಕೊಡುವುದು ವಾಡಿಕೆ. ಕಡ್ಡಾಯವೇನಲ್ಲ. ನಿಯಮಾವಳಿಯಲ್ಲಿ ಒಂದು ಸಾಲೂ ಇಲ್ಲ. ಬಿಟ್ಟುಕೊಡದವರನ್ನು ಯಾರೂ ಶಿಕ್ಷಿಸುವುದೂ ಇಲ್ಲ. ಅವರ ಮನೆಯ ಮದುವೆಗೆ ಜನ ಹೋಗುವುದಿಲ್ಲ, ಅಷ್ಟೇ.

ಈ ವರ್ಷ ಸಮಿತಿಯಲ್ಲಿ ಮೊದಲು ಬಂದದ್ದು ನನ್ನ ಪ್ರಸ್ತಾವನೆ. ಸರದಿ ವಿರೂಪಣ್ಣ ಮಾಸ್ತರದು, ಏಪ್ರಿಲ್‌ನಲ್ಲಿ ಅವರ ನಿವೃತ್ತಿ. ಅವರ ವಿಷಯ ಹಳೆಯ ಕೆರೆಗಳ ಹೆಸರುಗಳ ಸಂಗ್ರಹ. ಒಳ್ಳೆಯ ಕೆಲಸ, ಹತ್ತು ವರ್ಷ ಕಾದರೂ ಕೆಡದ ಕೆಲಸ. ನನಗೆ ಅಳತೆ ಕಲಿಸಿದವರು ಅವರು. ಶಮಾಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವರೂ ಅವರೇ.

ಮೊನ್ನೆ ಮಧ್ಯಾಹ್ನ ಅವರ ಮನೆಗೆ ಹೋದೆ. ಬಿಟ್ಟುಕೊಡುವುದಿಲ್ಲ ಎಂದು ಹೇಳಬೇಕೆಂದೇ ಹೋದದ್ದು, ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಿಪಾಠ ಮಾಡುತ್ತಾ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. "ಬಾರವ್ವಾ ಮೆಹಬೂಬಿ, ನೀ ಬರ್ತೀ ಅಂತ ಗೊತ್ತಿತ್ತು. ಮುಂಜಾನಿಂದ ಇವರು ಗಡಿಯಾರ ನೋಡಾಕತ್ಯಾರ" ಎಂದರು. ಮಾಸ್ತರು ಒಗೆದ ಅಂಗಿ ಹಾಕಿಕೊಂಡು ಕೂತಿದ್ದರು. ಮಣೆಯ ಮೇಲೆ ಖಾಲಿ ಬಟ್ಟಲನ್ನು ಅವರೇ ಇಟ್ಟುಕೊಂಡಿದ್ದರು, ನಾನು ಸಕ್ಕರೆ ಮರೆತು ಬಂದರೆ ಮುಜುಗರವಾಗಬಾರದೆಂದು ಪಕ್ಕದಲ್ಲಿ ಸಕ್ಕರೆ ಡಬ್ಬಿಯನ್ನೂ. ನಾನು ಆ ಡಬ್ಬಿಯನ್ನೇ ನೋಡುತ್ತಾ ನಿಂತೆ. ನಲವತ್ತು ಸಾವಿರ ಮಂದಿಯ ಜೀವ ಒಂದು ಕಡೆ, ಆ ಸಕ್ಕರೆ ಡಬ್ಬಿ ಒಂದು ಕಡೆ. ಬಗ್ಗಿ ಬಟ್ಟಲು ತುಂಬಿದೆ, ಮೇಡಂ. ವೈಯಕ್ತಿಕ ಕಾರಣಗಳಿಂದ ಎಂದು ಬರೆದು ಸಹಿ ಹಾಕಿದೆ. ನಿಮ್ಮ ನಾಲ್ಕು ಸಾಲನ್ನು ಅಷ್ಟು ಸಲ ಓದಿದ್ದೆನಲ್ಲ, ಬರೆಯಲು ತಡವರಿಸಲಿಲ್ಲ. ಅರ್ಜಿಯ ಗಡುವು ನಿನ್ನೆ ಸಂಜೆ ಐದಕ್ಕೆ ಮುಗಿಯಿತು.

ಆದ್ದರಿಂದ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನನ್ನಿಂದ ಆಗದ್ದನ್ನು ನಿಮ್ಮಿಂದ ಬೇಡುತ್ತಿದ್ದೇನೆ, ಬೇಡುವುದಕ್ಕೆ ಯೋಗ್ಯತೆ ಬೇಕಿಲ್ಲ. ನಾಳೆ ಚಹಾ ಕುಡಿಯಿರಿ. ಇನಾಮದಾರ ಸರ್ ಬಗ್ಗೆ ಎರಡು ಒಳ್ಳೆಯ ಮಾತಾಡಿ. ಆಮೇಲೆ, ಆಗುವುದಿಲ್ಲ ಸರ್ ಎನ್ನಿ. ಹೇಳಲಾಗದಿದ್ದರೆ ಅಡ್ಡಡ್ಡ ತಲೆಯಾಡಿಸಿದರೂ ಸಾಕು, ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. ಅವರಿಗೆ ಬೇಸರವಾಗುತ್ತದೆ. ಒಂದು ವರ್ಷ ಮಾತು ಬಿಡಬಹುದು. ಬೇಸರದಿಂದ ಯಾರೂ ಮುಳುಗುವುದಿಲ್ಲ. ನಾನಿರದ ಆ ಇನ್ನೊಂದು ನಾಳೆಯಲ್ಲಿ ಯಾರೋ ಒಬ್ಬ ಅಳತೆಗಾರ್ತಿ ನಿಮ್ಮ ತುಂಬಿದ ಕೋಷ್ಟಕವನ್ನು ಮಂಡಳಿಯ ಮೇಜಿನ ಮೇಲೆ ಬಡಿದು ಹೊರಬರಲಿ.

ಇನ್ನು ನನಗೆ ಹೊತ್ತಿಲ್ಲ. ನನ್ನ ದೊಡ್ಡ ಮನಸ್ಸನ್ನು ಮೆಚ್ಚಿ ನಾಳೆ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಸಭಾಂಗಣದಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ. ಇಡೀ ಕೆಳಪೇಟೆ ಬರುತ್ತದಂತೆ. ಶಮಾ ಸ್ವಾಗತಗೀತೆ ಹಾಡುವವಳು, ಒಳಗೆ ಕೂತು ಅಭ್ಯಾಸ ಮಾಡುತ್ತಿದ್ದಾಳೆ. ನಾನು ಈಗ ಗ್ಯಾಲರಿಗೆ ಹೋಗಿ ಉಳಿದ ಐದು ಗಾಜುಗಳನ್ನು ನೋಡಿ ಬರಬೇಕು.

ಇತಿ,
ಮೆಹಬೂಬಿ ನದಾಫ